ಭೋಗ್ಯದ ಮನೆ ಬಾಗಿಲಿಗೆ ಬ್ಯಾಂಕ್ ನೋಟಿಸ್: ಏನು ಮಾಡಲಿ?

ಮೈಸೂರಿನ ಬೋಗಾದಿಯಿಂದ ಕೇಳಿದ್ದು:
6 ಲಕ್ಷ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿದು ಎರಡು ವರ್ಷ ಆಯಿತು. ಮಾಲೀಕರು ಮನೆ ಮೇಲೆ ಸಾಲ ಮಾಡಿ ಕಟ್ಟಿಲ್ಲವಂತೆ. ಬ್ಯಾಂಕಿನವರು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ ಹೋಗಿದ್ದಾರೆ. ಮಾಲೀಕರನ್ನು ಕೇಳಿದರೆ ‘ಬರೋ ತಿಂಗಳು ಸರಿ ಮಾಡ್ತೀನಿ’ ಅಂತಾರೆ. ಅತ್ತೆಗೆ ಹುಷಾರಿಲ್ಲ, ಇಬ್ಬರು ಮಕ್ಕಳು. ದುಡ್ಡೆಲ್ಲ ಆ ಭೋಗ್ಯದಲ್ಲೇ ಇದೆ. ಅನುಭವ ಇದ್ದವರು ದಾರಿ ಹೇಳಿ.

ಹೆಬ್ಬಾಳದಿಂದ:
ತಂಗಿ, ನಮಗೂ ಇದೇ ಆಗಿತ್ತು. ಆ ‘ಬರೋ ತಿಂಗಳು’ ನಂಬಿ ಐದು ತಿಂಗಳು ಸುಮ್ನೆ ಕೂತೆವು. ಒಂದು ಬೆಳಿಗ್ಗೆ ಪೊಲೀಸರನ್ನು ಕರೆದುಕೊಂಡೇ ಬಂದರು. ಕುಕ್ಕರ್ ಇನ್ನೂ ಒಲೆ ಮೇಲಿತ್ತು. ಸಾಮಾನನ್ನು ಟಾಟಾ ಏಸ್‌ಗೆ ತುಂಬಿ, ನಾದಿನಿ ಮನೆ ಹಾಲ್‌ನಲ್ಲಿ ಎರಡು ತಿಂಗಳು ಮಲಗಿದೆವು. ಮನೆ ಇಲ್ಲದವರು ಅಂದರೆ ಫುಟ್‌ಪಾತ್‌ನಲ್ಲಿ ಇರುವವರು ಮಾತ್ರ ಅಂದುಕೊಂಡಿದ್ದೆ. ನಾವೂ ಅವರೇ ಆಗಿದ್ದೆವು, ಅಲ್ವಾ?

ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕರಾರು ಪತ್ರ, ದುಡ್ಡು ಕೊಟ್ಟ ದಾಖಲೆ, ಕರೆಂಟ್ ಬಿಲ್, ನೋಟಿಸಿನ ಫೋಟೊ ತಗೊಂಡು ಹೋಗಿ. ನೋಟಿಸ್ ಕಿತ್ತು ಬಿಸಾಡಬೇಡಿ. ನಮ್ಮವರು ಸಿಟ್ಟಿನಲ್ಲಿ ಹಾಗೇ ಮಾಡಿದ್ದರು.

ಕುವೆಂಪುನಗರದಿಂದ:
ಅಮ್ಮಾ, ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಇದು 2002ರ ಸರ್ಫೇಸಿ ಕಾಯ್ದೆ, ಅಂದರೆ ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತಗೊಳ್ಳುವ ಕಾನೂನು. ಮೊದಲು ಸಾಲಗಾರರಿಗೆ 60 ದಿನದ ನೋಟಿಸ್ ಹೋಗುತ್ತದೆ. ಮನೆಯಲ್ಲಿ ಇರುವವರಿಗೆ ಅದು ಗೊತ್ತೇ ಆಗುವುದಿಲ್ಲ, ಅಲ್ಲೇ ಇರುವುದು ತೊಂದರೆ. ನಿಮ್ಮ ಬಾಗಿಲಿಗೆ ಬಂದದ್ದು ಎರಡನೆಯದು. ಸಾಮಾನ್ಯವಾಗಿ ಅದು ಕಾಗದದ ಮೇಲಿನ ಸ್ವಾಧೀನ ಅಷ್ಟೇ. ನಿಜವಾಗಿ ಬೀಗ ಹಾಕಲು ಡಿಸಿ ಅಥವಾ ಮ್ಯಾಜಿಸ್ಟ್ರೇಟ್ ಆದೇಶ ತರುತ್ತಾರೆ. ನಿಮಗೆ ಸಿಗುವುದು ಆ ನಡುವಿನ ಸಮಯ.

ಸ್ವಾಧೀನದ ನೋಟಿಸ್ ಬಂದ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. 2016ರ ತಿದ್ದುಪಡಿ ಆದಮೇಲೆ ಬಾಡಿಗೆ, ಲೀಸ್‌ನವರ ಹಕ್ಕನ್ನೂ ಅಲ್ಲಿ ನೋಡುತ್ತಾರೆ. ಆದರೆ ಸುಳ್ಳು ಆಸೆ ಹುಟ್ಟಿಸಲಾರೆ. ನಿಮ್ಮ ಕರಾರು ರಿಜಿಸ್ಟರ್ ಆಗಿತ್ತಾ, ಸಾಲಕ್ಕಿಂತ ಮುಂಚಿನದ್ದಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ವರ್ಷ ಮೀರಿದ ಲೀಸ್ ರಿಜಿಸ್ಟರ್ ಆಗಬೇಕು ಅಂತ ಕಾನೂನಿದೆ. ಅದನ್ನು ತಪ್ಪಿಸಲೆಂದೇ ನಮ್ಮೂರಲ್ಲಿ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ನಾಲ್ಕು ಕಾಸು ಉಳಿಸಲು ಹೋಗಿ ಆರು ಲಕ್ಷಕ್ಕೆ ಆಧಾರ ಇಲ್ಲದ ಹಾಗೆ ಆಗುತ್ತದೆ.

ಮನೆ ಉಳಿಯದಿದ್ದರೆ ಖಾಲಿ ಮಾಡಲು ಸಮಯ ಬೇಕು ಅಂತ ಬ್ಯಾಂಕಿಗೆ ಬರೆದುಕೊಡಿ. ಅತ್ತೆಯವರ ಆಸ್ಪತ್ರೆ ಚೀಟಿ ಲಗತ್ತಿಸಿ. ಮಾಲೀಕರ ಮೇಲಿನದ್ದು ಬೇರೆಯೇ ದಾರಿ. ಸಾಲ ಮುಚ್ಚಿಟ್ಟು ದುಡ್ಡು ತಗೊಂಡಿದ್ದರೆ ಪೊಲೀಸರಿಗೆ ಮೋಸದ ದೂರು, ದುಡ್ಡಿಗೆ ಸಿವಿಲ್ ದಾವೆ.

ಉದಯಗಿರಿಯಿಂದ:
ಅಕ್ಕ, ಮನೆ ಇಲ್ಲದವರಿಗೆ ಅಂತ ಇರುವ ಪಾಲಿಕೆಯ ತಂಗುದಾಣ ನಂಬಿಕೊಂಡು ಕೂರಬೇಡಿ. 2013ರಲ್ಲಿ ಬಂದ ಕೇಂದ್ರದ ಯೋಜನೆ ಪ್ರಕಾರ ಲಕ್ಷ ಜನಕ್ಕೆ ಒಂದು ತಂಗುದಾಣ ಇರಬೇಕಿತ್ತು. 2011ರ ಗಣತಿಯಲ್ಲೇ ನಮ್ಮೂರು ಸುಮಾರು 9 ಲಕ್ಷ. ಲೆಕ್ಕ ನೀವೇ ಹಾಕಿ. ಒಂಟಿ ಗಂಡಸಿಗೆ ರಾತ್ರಿ ಕಳೆಯಲು ಪರವಾಗಿಲ್ಲ, ಅತ್ತೆ, ಮಕ್ಕಳು ಇರುವ ಸಂಸಾರಕ್ಕೆ ಕಷ್ಟ. ಈಗಿನಿಂದಲೇ ಸಣ್ಣ ಬಾಡಿಗೆ ಮನೆ ನೋಡಿ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಅಡ್ವಾನ್ಸ್ ಚೌಕಾಸಿ ಮಾಡಬಹುದು. ಮತ್ತೆ ಭೋಗ್ಯವೇ ಅಂದರೆ ಇಸಿ (ಆಸ್ತಿ ಮೇಲೆ ನೋಂದಣಿಯಾದ ಸಾಲ, ಋಣ ತೋರಿಸುವ ಪತ್ರ) ತೆಗೆಸಿ, ಮೂಲ ಪತ್ರ ತೋರಿಸಿ ಅನ್ನಿ. ಬರೀ ಜೆರಾಕ್ಸ್ ತೋರಿಸಿದರೆ ಮೂಲ ಬ್ಯಾಂಕಿನಲ್ಲಿ ಇದ್ದರೂ ಇರಬಹುದು.

ಬೋಗಾದಿಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ನೋಟಿಸಿನ ತಾರೀಖು ನೋಡಿದೆ. ಅಂಟಿಸಿ 31 ದಿನ ಆಗಿದೆ. ನಾಳೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ನೇರ ಪ್ರಾಧಿಕಾರದ ಆಫೀಸಿಗೆ ಹೋಗುತ್ತೇನೆ.