1951ರ ಶೆವರ್ಲೆಗೆ ಡೀಸೆಲ್ ಇಂಜಿನ್ ಹಾಕಿಸಬೇಕಾ, ಹಳೆಯದನ್ನೇ ರಿಪೇರಿ ಮಾಡಿಸಬೇಕಾ?

ಹತ್ತಿಪೇಟೆ_ಹುಬ್ಬಳ್ಳಿ
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಹತ್ತಿ ವ್ಯಾಪಾರದಲ್ಲಿದ್ದಾಗ ತೆಗೆದುಕೊಂಡ 1951ರ ಶೆವರ್ಲೆ ಸ್ಟೈಲ್‌ಲೈನ್ ಗದಗದ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್‌ನಲ್ಲಿ ನಿಂತಿದೆ. ಇಂಜಿನ್ ಜಾಮ್ ಆಗಿದೆ, ಹ್ಯಾಂಡಲ್ ಹಾಕಿದರೂ ಅಲುಗಾಡುತ್ತಿಲ್ಲ. ಇಲ್ಲಿನ ಒಬ್ಬ ಮೆಕ್ಯಾನಿಕ್ ಅದನ್ನು ಗುಜರಿಗೆ ಹಾಕಿ ಜೀಪಿನ ಡೀಸೆಲ್ ಇಂಜಿನ್ ಕೂರಿಸೋಣ, ಮೈಲೇಜೂ ಬರುತ್ತೆ ಅಂತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಹಳೇ ಆರ್‌ಸಿ ಪುಸ್ತಕ ಇದೆ. ಏನು ಮಾಡಲಿ?

ಗೋಕುಲರೋಡ್
ಅಣ್ಣಾ, ದಯವಿಟ್ಟು ಆ ಇಂಜಿನ್ ಬಿಚ್ಚಿ ಕೊಡಬೇಡಿ. ಮೊದಲು ಕಾಗದದ ಮಾತು. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ, ಆದರೆ ಚಾಸಿ, ಬಾಡಿ, ಇಂಜಿನ್ ಮೂಲದ ಹಾಗೇ ಇರಬೇಕು. ಡೀಸೆಲ್ ಹಾಕಿದರೆ ಅದು ಹೋಯ್ತು. ಹಳೇ ಆರ್‌ಸಿ ಇದ್ದರೆ ಹಳೇ ನಂಬರೇ ಉಳಿಯುತ್ತದೆ, ಅಜ್ಜನ ಕಾಲದ ಆ ನಂಬರ್ ಕಳೆದುಕೊಳ್ಳುವ ಮಾತೇ ಬೇಡ. ಆ ನೋಂದಣಿಯಲ್ಲಿ ದಿನಾ ಓಡಿಸಲು ಬಿಡುವುದಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಮಾತ್ರ. ಹಾಗಿದ್ದ ಮೇಲೆ ಮೈಲೇಜ್ ಯಾಕೆ ಬೇಕು?

ಇನ್ನೊಂದು, ಈ ಗಾಡಿಯಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ವರೆಗೆ ಶಾಫ್ಟ್ ಒಂದು ಕೊಳವೆಯೊಳಗೆ ಹೋಗುತ್ತದೆ. ಜೀಪಿನ ಇಂಜಿನ್ ಜೊತೆ ಬರುವ ಗೇರ್‌ಬಾಕ್ಸ್ ಇದಕ್ಕೆ ಕೂರೋದಿಲ್ಲ. ಹಿಂದಿನ ಆಕ್ಸಲ್ಲೂ ಬದಲಿಸಬೇಕಾಗುತ್ತದೆ, ಆಮೇಲೆ ಶೆವರ್ಲೆ ಅನ್ನಲು ಉಳಿಯುವುದು ಬರೀ ತಗಡು.

ಬೆಟಗೇರಿ_ಲೇತ್
ಜಾಮ್ ಆಗಿದೆ ಅಂದ ಮಾತ್ರಕ್ಕೆ ಇಂಜಿನ್ ಸತ್ತಿಲ್ಲ ಸರ್. ಆರೂ ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಹಾಕಿ, ನಾಲ್ಕೈದು ದಿನ ಬಿಡಿ, ಮತ್ತೆ ಹಾಕಿ. ಆಮೇಲೆ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) ಕೈಯಿಂದಲೇ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸಿ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಬೇಡಿ, ಪಿಸ್ಟನ್ ರಿಂಗ್ ಮುರಿದು ಸಿಲಿಂಡರ್ ಗೀರಿಬಿಡುತ್ತೆ.

ಅದು 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್, ಅಂದರೆ ಸುಮಾರು ಮೂರೂವರೆ ಲೀಟರ್, 92 ಹಾರ್ಸ್‌ಪವರ್. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ ಶೆಲ್ ಬೇರಿಂಗ್ (ಸವೆದರೆ ತೆಗೆದು ಬದಲಿಸುವಂಥದ್ದು) ಇರಲ್ಲ, ವೈಟ್ ಮೆಟಲ್ ಅನ್ನೋ ಮೆದು ಲೋಹ ಕರಗಿಸಿ ಹೊಯ್ದಿರುತ್ತಾರೆ. ರಾಡಿನ ತುದಿಯಲ್ಲಿ ಚಿಕ್ಕ ಚಮಚದಂಥದ್ದು ಇರುತ್ತೆ, ಅದು ತಿರುಗುವಾಗ ಆಯಿಲನ್ನು ಮೊಗೆದುಕೊಳ್ಳುತ್ತದೆ. ಹಾಗಾಗಿ ಮೀಟರ್‌ನಲ್ಲಿ ಆಯಿಲ್ ಪ್ರೆಶರ್ ಕಮ್ಮಿ ತೋರಿಸಿದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ವೈಟ್ ಮೆಟಲ್ ಹೊಯ್ಯುವ ಹಳೇ ಮಿಸ್ತ್ರಿಗಳು ಈಗ ಕಡಿಮೆ ಆಗಿದ್ದಾರೆ, ಮೊದಲು ಅಂಥವರನ್ನು ಹುಡುಕಿಕೊಂಡೇ ಇಂಜಿನ್ ಬಿಚ್ಚಿ.

ಹತ್ತಿಪೇಟೆ_ಹುಬ್ಬಳ್ಳಿ
ತುಂಬಾ ಧೈರ್ಯ ಬಂತು. ಇಂಜಿನ್ ನಂಬರ್ ಎಲ್ಲಿರುತ್ತೆ? ವೈರಿಂಗ್ ಎಲ್ಲ ಇಲಿ ಕಡಿದಿದೆ, 12 ವೋಲ್ಟ್ ಮಾಡಿಸಿದರೆ ಒಳ್ಳೇದಾ?

ಹಾವೇರಿಯಿಂದ
ನಂಬರ್ ಇಂಜಿನ್ನಿನ ಬಲಗಡೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹತ್ತಿರ ಬ್ಲಾಕ್ ಮೇಲೆ ಹೊಡೆದಿರುತ್ತಾರೆ. ತಂತಿ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಗ್ರೈಂಡರ್ ಮುಟ್ಟಿಸಬೇಡಿ, ಆರ್‌ಸಿ ಜೊತೆ ತಾಳೆ ನೋಡಿ ಫೋಟೋ ತೆಗೆದಿಡಿ.

ಮೂಲದಲ್ಲಿರೋ 6 ವೋಲ್ಟೇ ಇರಲಿ. ವೋಲ್ಟೇಜ್ ಅರ್ಧ ಅಂದರೆ ಕರೆಂಟ್ ಎರಡು ಪಟ್ಟು ಹರಿಯಬೇಕು, ಆದ್ದರಿಂದ ಬ್ಯಾಟರಿ ಕೇಬಲ್ ದಪ್ಪಗಿರಬೇಕು. ಜನ ಕಾರಿನ ಅಂಗಡಿಯಲ್ಲಿ ಸಿಗುವ ಸಣ್ಣ ಕೇಬಲ್ ಹಾಕಿ, ಸ್ಟಾರ್ಟರ್ ತಿರುಗಲ್ಲ ಅಂತ 6 ವೋಲ್ಟನ್ನೇ ಬೈಯ್ಯುತ್ತಾರೆ. ಅರ್ತ್ ಜಾಗ ತಿಕ್ಕಿ ಬಿಗಿ ಮಾಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತೆ.

ಇಂಜಿನ್ ಚಾಲು ಮಾಡೋಕೆ ಮುಂಚೆ ಬ್ರೇಕ್ ಸಿಲಿಂಡರ್‌ಗಳ ವಾಷರ್, ಪೈಪು ಎಲ್ಲ ಹೊಸದು ಹಾಕಿಸಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಸಿ. ಮತ್ತೆ ಗಾಡಿ ಬಿಚ್ಚುವಾಗ ಬಾಗಿಲ ಹಿಡಿಕೆ, ಮೀಟರ್ ಗಾಜು, ಮುಂದಿನ ಜಾಲರಿ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ, ಗ್ಯಾರೇಜಿನಲ್ಲಿ ಬಿಡಬೇಡಿ. ಅವು ಕಳೆದರೆ ಮತ್ತೆ ಸಿಗೋದು ಬಹಳ ಕಷ್ಟ.