ಬೈಗುಳದ ಬ್ರ್ಯಾಂಡಿಗೆ ಟ್ರೇಡ್‌ಮಾರ್ಕ್: ಅಮೆರಿಕದ ತೀರ್ಪು ಇಲ್ಲಿ ನಡೆಯುತ್ತಾ?

ಅಂಗಿ_ಅಂಗಡಿ: ಟೀ ಶರ್ಟಿಗೆ (ಕ್ಲಾಸ್ 25, ಅಂದರೆ ಬಟ್ಟೆಬರೆಯ ವರ್ಗ) ಬೈಗುಳ ಹೋಲುವ ಹೆಸರಿಟ್ಟು ಅರ್ಜಿ ಹಾಕಿದರೆ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9(2)(ಸಿ) ಅಡಿ ಅಶ್ಲೀಲ ಅಂತ ಆಕ್ಷೇಪ ಬರೋದು ಖಚಿತ. ಅಮೆರಿಕದಲ್ಲಿ 'ಎಫ್‌ಯುಸಿಟಿ' ಬಟ್ಟೆ ಬ್ರ್ಯಾಂಡೇ ಸುಪ್ರೀಂ ಕೋರ್ಟಲ್ಲಿ ಗೆದ್ದಿದೆ. ಅದನ್ನು ತೋರಿಸಿ ಸಂವಿಧಾನದ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯದ ವಾದ ಹೂಡಬಹುದಾ?

ಕಟ್ಟೆ_ವಕೀಲ: ಹೂಡಬಹುದು, ನಿಲ್ಲೋದು ಕಷ್ಟ. 2017ರಲ್ಲಿ ಅದೇ ಕೋರ್ಟಿನ ಟ್ಯಾಮ್ ಪ್ರಕರಣ: ಏಷ್ಯನ್ ಅಮೆರಿಕನ್ನರ 'ದ ಸ್ಲ್ಯಾಂಟ್ಸ್' ಬ್ಯಾಂಡು ತಮ್ಮವರನ್ನು ಹೀಯಾಳಿಸುವ ಪದವನ್ನೇ ಹೆಸರು ಮಾಡಿಕೊಂಡಿತ್ತು. ಲ್ಯಾನ್‌ಹ್ಯಾಮ್ ಕಾಯ್ದೆಯ (ಅಮೆರಿಕದ ಟ್ರೇಡ್‌ಮಾರ್ಕ್ ಕಾನೂನು) 'ಅವಹೇಳನ' ನಿಷೇಧ ಅಲ್ಲಿ ಬಿತ್ತು. 2019ರ ಬ್ರುನೆಟ್ಟಿ ತೀರ್ಪಿನಲ್ಲಿ, ಅದೇ ನೀವು ಹೇಳಿದ ಬಟ್ಟೆ ಬ್ರ್ಯಾಂಡು, 'ಅನೈತಿಕ' ಮಾರ್ಕುಗಳ ನಿಷೇಧವೂ ಹೋಯಿತು. ಕಾರಣ ಒಂದೇ: ಸರ್ಕಾರಕ್ಕೆ ಹಿಡಿಸಿದ ಅಭಿಪ್ರಾಯಕ್ಕೆ ಮಣೆ, ಹಿಡಿಸದ್ದಕ್ಕೆ ತಡೆ ಅನ್ನುವಂತಿಲ್ಲ. ಆದರೆ 2024ರಲ್ಲಿ ಟ್ರಂಪ್ ಅವರನ್ನು ಅಣಕಿಸುವ 'ಟ್ರಂಪ್ ಟೂ ಸ್ಮಾಲ್' ಮಾರ್ಕು ಸೋತಿತು. ಬದುಕಿರುವವರ ಹೆಸರಿಗೆ ಅವರ ಒಪ್ಪಿಗೆ ಬೇಕೆಂಬ ನಿಯಮ ಹೊಗಳಿಕೆ, ತೆಗಳಿಕೆ ಎರಡಕ್ಕೂ ಒಂದೇ. ಇನ್ನು ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ ನಮ್ಮ 19(2)ರಲ್ಲಿ 'ಸಭ್ಯತೆ, ನೈತಿಕತೆ' ಅಂತ ನೇರವಾಗಿಯೇ ಬರೆದಿದೆ. ವಾಕ್ ಸ್ವಾತಂತ್ರ್ಯ ಕೊಡುವ ಅವರ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಆ ಮಾತೇ ಇಲ್ಲ.

ಜರ್ನಲ್_ಓದುಗ: ಜೊತೆಗೆ ಕಲಂ 9(2)(ಸಿ) ಅಸಾಂವಿಧಾನಿಕ ಅಂತ ಹೇಳುವ ಅಧಿಕಾರ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್‌ಗೆ ಇಲ್ಲ, ಅದಕ್ಕೆ ಹೈಕೋರ್ಟಲ್ಲಿ ರಿಟ್ ಅರ್ಜಿ ಬೇಕು. ಹಾಗಾಗಿ ಎಕ್ಸಾಮಿನೇಶನ್ ರಿಪೋರ್ಟಿನ (ಅರ್ಜಿ ಪರಿಶೀಲಿಸಿ ಆಕ್ಷೇಪ ತಿಳಿಸುವ ಪತ್ರ) ಉತ್ತರದಲ್ಲಿ ಭಾಷಣ ಬಿಗಿಯಬೇಡಿ. ಪದಕ್ಕೆ ನಿಘಂಟಿನಲ್ಲಿ ಬೇರೆ ಅರ್ಥ ಇದೆಯಾ, ಕೊಳ್ಳುವವರು ಯಾರು, ಹಿಂದೆ ಅಂಥ ಮಾರ್ಕು ನೋಂದಣಿಯಾಗಿದೆಯಾ, ಇಷ್ಟನ್ನು ದಾಖಲೆ ಸಮೇತ ಕೊಡಿ. ರಿಪೋರ್ಟ್ ಕೈಸೇರಿದ 30 ದಿನದೊಳಗೆ ಉತ್ತರ ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ ಲೆಕ್ಕ ಹಾಕಬಹುದು. ತಿರಸ್ಕಾರವಾದರೆ 3 ತಿಂಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ.

ಒಪ್ಪಿಗೆ ಸಿಕ್ಕರೂ ನಿಶ್ಚಿಂತೆಯಿಲ್ಲ. 2025ರಲ್ಲಿ 'ಚುತಿಯಾರಾಮ್' ಎಂಬ ಕುರುಕಲು ತಿಂಡಿ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ (ಒಪ್ಪಿಗೆಯಾದ ಮಾರ್ಕು ಪ್ರಕಟಿಸುವ ಸರ್ಕಾರಿ ಪತ್ರಿಕೆ) ಪ್ರಕಟವಾದ ಮೇಲೆ ಕಚೇರಿಯವರು ಒಪ್ಪಿಗೆ ಹಿಂಪಡೆದರು, ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 19ರಲ್ಲಿ ಆ ಅವಕಾಶವಿದೆ. ಪ್ರಕಟವಾಗಿ 4 ತಿಂಗಳ ತನಕ ಯಾರು ಬೇಕಾದರೂ ಅಪೊಸಿಷನ್ (ನೋಂದಣಿಗೆ ವಿರೋಧ) ಹಾಕಬಹುದು.

ಅಂಗಿ_ಅಂಗಡಿ: ಒಂದಕ್ಷರ ಬದಲಿಸಿದರೆ?

ಕಟ್ಟೆ_ವಕೀಲ: ಉಚ್ಚಾರ ಅದೇ ಇದ್ದರೆ ಪ್ರಯೋಜನ ಕಮ್ಮಿ. ಅಂದಹಾಗೆ, ನೋಂದಣಿ ನಿರಾಕರಣೆ ಅಂದರೆ ಬಳಕೆಗೆ ನಿಷೇಧವಲ್ಲ. ಆ ಹೆಸರಲ್ಲಿ ಅಂಗಿ ಮಾರಬಹುದು, ಬೇರೆಯವರು ಕದ್ದರೆ ಇನ್‌ಫ್ರಿಂಜ್‌ಮೆಂಟ್ (ನೋಂದಾಯಿತ ಮಾರ್ಕಿನ ಉಲ್ಲಂಘನೆ) ದಾವೆ ಇರೋದಿಲ್ಲ, ಪಾಸಿಂಗ್ ಆಫ್ (ತಮ್ಮ ಸರಕನ್ನು ನಿಮ್ಮದೆಂದು ಬಿಂಬಿಸಿ ಮಾರಿದ್ದಕ್ಕೆ ಹೂಡುವ ದಾವೆ) ಮಾತ್ರ. ದೇವರು, ಗ್ರಂಥದ ಹೆಸರಿನತ್ತ ತಿರುಗೋದಾದರೆ ನಮ್ಮ ಸುಪ್ರೀಂ ಕೋರ್ಟಿನ 2015ರ 'ರಾಮಾಯಣ' ಊದುಬತ್ತಿ ತೀರ್ಪು ಓದಿ: ಪವಿತ್ರ ಗ್ರಂಥದ ಹೆಸರಷ್ಟನ್ನೇ ಯಾರೂ ಮಾರ್ಕಾಗಿ ಹಿಡಿಯುವಂತಿಲ್ಲ. ಆನ್‌ಲೈನ್ ಟಿಎಂ-ಎ (ನೋಂದಣಿ ಅರ್ಜಿ ನಮೂನೆ) ಶುಲ್ಕ ಒಬ್ಬ ವ್ಯಕ್ತಿಗೆ ಕ್ಲಾಸಿಗೆ 4,500 ರೂ., ಸೋತರೆ ವಾಪಸ್ ಬರೋದಿಲ್ಲ.