ಬ್ಯಾಂಕ್ ನೋಟಿಸ್ ಬಂದಿರುವ ಮನೆ ಮಾರಬೇಕು, ಏಜೆಂಟ್ ಮಾತು ನಂಬಬಹುದಾ? ಅನುಭವ ಇರುವವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇದು ನನ್ನ ಅಣ್ಣನ ಮನೆಯ ವಿಷಯ. ಕೆಂಗೇರಿಯಿಂದ ಸ್ವಲ್ಪ ಆಚೆ, 20x30 ಸೈಟಿನಲ್ಲಿ ಕಟ್ಟಿಸಿದ ಮನೆ. ಅಣ್ಣನ ಕೆಲಸ ಹೋಗಿ ನಾಲ್ಕು ಕಂತು ಬಾಕಿ ಬಿದ್ದಿದೆ. ಈಗ ಬ್ಯಾಂಕಿನಿಂದ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಬಂದಿದೆ, ಅಂದರೆ 60 ದಿನದಲ್ಲಿ ಬಾಕಿ ತೀರಿಸದಿದ್ದರೆ ಮನೆ ವಶಕ್ಕೆ ತೆಗೆದುಕೊಳ್ಳುತ್ತೇವೆ ಅನ್ನುವ ನೋಟಿಸ್. ಸಾಲ ಇನ್ನೂ 52 ಲಕ್ಷ ಇದೆ. ಅಕ್ಕಪಕ್ಕದಲ್ಲಿ ಇಂಥದ್ದೇ ಮನೆಗಳು 90 ಲಕ್ಷದ ಹತ್ತಿರ ಹೋಗಿವೆ. ಬ್ರೋಕರ್ ಒಬ್ಬರು ಬಂದು, "ನನ್ನ ಹೆಸರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ) ಮಾಡಿಕೊಡಿ, ಬ್ಯಾಂಕ್ ಸಾಲ ನಾನು ನೋಡಿಕೊಳ್ಳುತ್ತೇನೆ, ನಿಮ್ಮ ಕೈಗೆ ಎಂಟು ಲಕ್ಷ ಕೊಡುತ್ತೇನೆ" ಅಂತಿದ್ದಾರೆ. ಅಣ್ಣ ಸಾಕಾಗಿ ಒಪ್ಪಿಬಿಡುವ ಹಾಗಿದ್ದಾನೆ. ಅತ್ತಿಗೆಗೆ ಇಷ್ಟವಿಲ್ಲ. ಇಂಥ ಮನೆ ಮಾರಿದವರು, ಮಾರಿಸಿದವರು, ಕೊಂಡವರು ದಯವಿಟ್ಟು ದಾರಿ ಹೇಳಿ.

ಉತ್ತರ: ಬೆಂಗಳೂರಿನ ಒಬ್ಬ ಏಜೆಂಟ್

ಮೇಡಂ, ನಾನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರೀಸೇಲ್ ಮನೆಗಳನ್ನು ಮಾರಿಸುತ್ತೇನೆ. ನಿಮ್ಮ ಅತ್ತಿಗೆ ಹೇಳುತ್ತಿರುವುದು ಸರಿ. ಆ ಜಿಪಿಎಗೆ ಅಣ್ಣ ಸಹಿ ಹಾಕಬಾರದು. ಲೆಕ್ಕ ನೀವೇ ನೋಡಿ. 90 ಲಕ್ಷದ ಮನೆ, 52 ಲಕ್ಷ ಸಾಲ. ಉಳಿಯುವ 38 ಲಕ್ಷ ನಿಮ್ಮ ಅಣ್ಣನದು. ಅದರಲ್ಲಿ ಎಂಟು ಕೊಟ್ಟು 30 ಲಕ್ಷ ತಾನು ಇಟ್ಟುಕೊಳ್ಳುತ್ತೇನೆ ಅಂತ ಆ ಮನುಷ್ಯ ಹೇಳುತ್ತಿದ್ದಾನೆ. ಇದಕ್ಕೆ ಬ್ರೋಕರೇಜ್ ಅಂತ ಹೆಸರಿಡಲು ಆಗುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಜಿಪಿಎ ಕೊಟ್ಟ ಮೇಲೂ ಬ್ಯಾಂಕಿನ ಪುಸ್ತಕದಲ್ಲಿ ಸಾಲಗಾರ ನಿಮ್ಮ ಅಣ್ಣನೇ. ಆತ ಸಾಲ ಕಟ್ಟದೆ ಬೇರೆಯವರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡು ಕಾಣೆಯಾದರೆ? ಬ್ಯಾಂಕಿನವರೂ ನಿಮ್ಮ ಮನೆಗೇ ಬರುತ್ತಾರೆ, ಅಡ್ವಾನ್ಸ್ ಕೊಟ್ಟವರೂ ನಿಮ್ಮ ಮನೆಗೇ ಬರುತ್ತಾರೆ. ಜಿಪಿಎ ಮೂಲಕ ಮಾರಿದರೆ ಮಾಲೀಕತ್ವ ವರ್ಗ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಜೊತೆಗೆ, 13(2) ನೋಟಿಸ್ ಕೈ ಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆ ಆಸ್ತಿಯನ್ನು ಮಾರುವ ಹಾಗಿಲ್ಲ, ಲೀಸಿಗೆ ಕೊಡುವ ಹಾಗೂ ಇಲ್ಲ. ಅದೇ ಕಾಯ್ದೆಯ 13(13)ರಲ್ಲಿ ಇದು ಸ್ಪಷ್ಟವಾಗಿದೆ. ಭೋಗ್ಯಕ್ಕೆ ಹಾಕಿ ದುಡ್ಡು ಎತ್ತೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಅದನ್ನೂ ಕೇಳಬೇಡಿ.

ಹಾಗಾದರೆ ಏನು ಮಾಡಬೇಕು? ಬ್ಯಾಂಕಿಗೆ ಹೇಳಿ, ಬ್ಯಾಂಕಿನ ಒಪ್ಪಿಗೆ ಪಡೆದು, ಅಣ್ಣನೇ ಮಾರಬೇಕು. ಇಂಥ ಕೇಸಿನಲ್ಲಿ ಏಜೆಂಟನ ನಿಜವಾದ ಕೆಲಸ ಗಿರಾಕಿ ಹುಡುಕುವುದಕ್ಕಿಂತ ಮುಂಚೆಯೇ ಶುರುವಾಗುತ್ತದೆ. ನಾನು ಮೊದಲು ಮಾರುವವರ ಜೊತೆ ಬ್ಯಾಂಕಿಗೆ ಹೋಗುತ್ತೇನೆ. ಎರಡು ಕಾಗದ ಕೇಳುತ್ತೇವೆ. ಒಂದು, ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್. ಇವತ್ತಿಗೆ ಎಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ, ದಿನಕ್ಕೆ ಬಡ್ಡಿ ಎಷ್ಟು ಸೇರುತ್ತದೆ ಅಂತ ಅದರಲ್ಲಿ ಇರುತ್ತದೆ. ಇನ್ನೊಂದು, ಬ್ಯಾಂಕಿನಲ್ಲಿ ಇಟ್ಟಿರುವ ಮೂಲ ಪತ್ರಗಳ ಪಟ್ಟಿ. ಇವೆರಡೂ ಕೈಯಲ್ಲಿ ಇಲ್ಲದೆ ಮನೆ ತೋರಿಸಿದರೆ, ಒಳ್ಳೆ ಪಾರ್ಟಿ ಬಂದರೂ ಅವರ ವಕೀಲರು ತಡೆದು ನಿಲ್ಲಿಸುತ್ತಾರೆ. ಅಷ್ಟರಲ್ಲಿ ವಾರಗಟ್ಟಲೆ ಹೋಗಿರುತ್ತದೆ.

ಅದೇ ಹೊತ್ತಿಗೆ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ) ಆಗಿದೆಯಾ ನೋಡಿ. ಈಗ ಅದಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಆಗಿಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಕ್ರಯಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ತರಹ ಇದ್ದರೆ ಅದನ್ನು ಸರಿಮಾಡಿಸಲು ಸಮಯ ಹಿಡಿಯುತ್ತದೆ. ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆಸಿ. ಕಂದಾಯ ಬಾಕಿ ಇದ್ದರೆ ಕಟ್ಟಿ.

ಬೆಲೆ ಬಗ್ಗೆ ಒಂದು ಮಾತು. "ಅರ್ಜೆಂಟ್ ಸೇಲ್" ಅಂತ ಬೋರ್ಡ್ ಹಾಕಿಸಬೇಡಿ. ಅದನ್ನು ನೋಡಿದವರೆಲ್ಲ ಹದಿನೈದು ಲಕ್ಷ ಇಳಿಸಿಯೇ ಮಾತು ಶುರುಮಾಡುತ್ತಾರೆ. ಸಾಲ ಇದೆ, ನೋಟಿಸ್ ಇದೆ ಅನ್ನುವುದನ್ನು ಕೊಳ್ಳುವವರಿಂದ ಮುಚ್ಚಿಡಬಾರದು. ಮುಚ್ಚಿಟ್ಟರೆ ಮೋಸ ಆಗುತ್ತದೆ, ಆಮೇಲೆ ವ್ಯವಹಾರವೂ ಮುರಿಯುತ್ತದೆ. ಆದರೆ ಮನೆಯೊಳಗಿನ ಕಷ್ಟವನ್ನು ಬಂದವರಿಗೆಲ್ಲ ಹೇಳಿಕೊಳ್ಳಬೇಕಾಗಿಲ್ಲ. ನಾನಾದರೆ ಮೊದಲ ಮೂರು ವಾರ ಮಾರುಕಟ್ಟೆ ಬೆಲೆಗೇ ತೋರಿಸುತ್ತೇನೆ. ಆಮೇಲೆ ಎರಡು ಮೂರು ಲಕ್ಷ ಇಳಿಸಬೇಕಾ ಅಂತ ಕೂತು ಮಾತಾಡಬಹುದು.

ಏಜೆಂಟ್ ಒಳ್ಳೆಯವನಾ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: "ದುಡ್ಡು ಯಾರ ಖಾತೆಗೆ ಬರುತ್ತದೆ?" ಕೊಳ್ಳುವವರಿಂದ ನೇರವಾಗಿ ಸಾಲದ ಖಾತೆಗೆ, ಉಳಿದದ್ದು ಮಾಲೀಕರ ಖಾತೆಗೆ ಅಂತ ಹೇಳಬೇಕು. ನನ್ನ ಖಾತೆಗೆ ಹಾಕಿಸಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಹೊಸ ಪ್ರಾಜೆಕ್ಟ್‌ಗಳನ್ನು ಮಾರುವ ಏಜೆಂಟರಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ. ರೀಸೇಲ್ ಮನೆಗೆ ಆ ರಕ್ಷಣೆ ಅಷ್ಟಾಗಿ ಇಲ್ಲ. ಆದರೂ ಏಜೆಂಟ್ ನೋಂದಾಯಿತನಾ ಅಂತ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಬಹುದು. ಕಮಿಷನ್ ಎಷ್ಟು, ಯಾವಾಗ ಅನ್ನುವುದು ಬರಹದಲ್ಲಿ ಇರಲಿ. ನಮ್ಮ ಕಡೆ ಸಾಮಾನ್ಯವಾಗಿ ಶೇ. 1ರಿಂದ 2. ರಿಜಿಸ್ಟ್ರೇಷನ್ ದಿನ ಕೊಟ್ಟರೆ ಸಾಕು.

ಉತ್ತರ: ದಾವಣಗೆರೆಯ ನಿವೃತ್ತ ಬ್ಯಾಂಕ್ ಅಧಿಕಾರಿ

ಏಜೆಂಟ್ ಹೇಳಿದ್ದಕ್ಕೆ ತಾರೀಖುಗಳ ಲೆಕ್ಕ ಸೇರಿಸುತ್ತೇನೆ ತಾಯಿ. ಇದು 2002ರ ಸರ್ಫೇಸಿ ಕಾಯ್ದೆಯ ನೋಟಿಸ್. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಬಿದ್ದರೆ ಖಾತೆ ಎನ್‌ಪಿಎ ಆಗುತ್ತದೆ. ಅಂದರೆ ಬ್ಯಾಂಕ್ ಅದನ್ನು ಕೆಟ್ಟ ಸಾಲ ಅಂತ ಲೆಕ್ಕ ಹಾಕುತ್ತದೆ. ಆಮೇಲೆ 13(2) ನೋಟಿಸ್. ಅಲ್ಲಿಂದ 60 ದಿನ ಸಮಯ. ಈ 60 ದಿನದಲ್ಲಿ ಮನೆಯನ್ನು ಯಾರೂ ಮುಟ್ಟುವಂತಿಲ್ಲ. ನೋಟಿಸಿಗೆ ಬರಹದಲ್ಲಿ ಉತ್ತರ ಕೊಡಿ. "ಮನೆ ಮಾರಿ ಪೂರ್ತಿ ಸಾಲ ತೀರಿಸುತ್ತೇವೆ, ಅನುಮತಿ ಕೊಡಿ" ಅಂತ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಆಕ್ಷೇಪಣೆಗೆ ಬ್ಯಾಂಕ್ 15 ದಿನದೊಳಗೆ ಉತ್ತರ ಕೊಡಬೇಕು.

60 ದಿನ ಮುಗಿದರೆ ಮೊದಲು ಬಾಗಿಲಿಗೆ ಸ್ವಾಧೀನದ ನೋಟಿಸ್ ಅಂಟಿಸಿ, ಪೇಪರಿನಲ್ಲಿ ಹಾಕುತ್ತಾರೆ. ಅದು ಕಾಗದದ ಮೇಲಿನ ಸ್ವಾಧೀನ. ಜನ ಆವತ್ತೇ ಎದೆ ಒಡೆದುಕೊಂಡು ಮನೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ನೀವಾಗಿ ಬಿಟ್ಟುಕೊಡದಿದ್ದರೆ ಮನೆ ಖಾಲಿ ಮಾಡಿಸಲು ಬ್ಯಾಂಕಿನವರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಮುಖ್ಯ ಮೆಟ್ರೋಪಾಲಿಟನ್ ಮ್ಯಾಜಿಸ್ಟ್ರೇಟ್ ಹತ್ತಿರ ಆದೇಶ ತರುವುದು ವಾಡಿಕೆ. ಬ್ಯಾಂಕ್ ನಡೆದುಕೊಂಡ ರೀತಿ ತಪ್ಪು ಅನ್ನಿಸಿದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ ಇದೆ.

ಆದರೆ ಹರಾಜಿನ ಪ್ರಕಟಣೆಯ ದಿನ ನೆನಪಿರಲಿ. ಆ ಪ್ರಕಟಣೆ ಹೊರಬೀಳುವ ಮುಂಚೆ ಪೂರ್ತಿ ಬಾಕಿ ಕಟ್ಟಿದರೆ ಮಾತ್ರ ಮನೆ ಬಿಡಿಸಿಕೊಳ್ಳುವ ಹಕ್ಕು. 2016ರ ತಿದ್ದುಪಡಿ ಆದ ಮೇಲೆ ಹೀಗೆ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಿಂದೆಲ್ಲ ಹರಾಜು ಮುಗಿದ ಮೇಲೂ ಓಡಿ ಬಂದು ಕಟ್ಟುತ್ತಿದ್ದರು. ಈಗ ಅದನ್ನು ನಂಬಿಕೊಂಡು ಕೂರಬೇಡಿ.

ಇನ್ನೊಂದು ವಿಷಯ. ಒಂದೆರಡು ಕಂತು ಕಟ್ಟಿದರೆ ಖಾತೆ ಸರಿಹೋಗುತ್ತದೆ ಅಂತ ಸಾಲ ಸೋಲ ಮಾಡಿ ಕಟ್ಟುವವರಿದ್ದಾರೆ. ಬಾಕಿ ಪೂರ್ತಿ ತೀರದೆ ಎನ್‌ಪಿಎ ಹಣೆಪಟ್ಟಿ ಹೋಗುವುದಿಲ್ಲ. ನಾಲ್ಕೂ ಕಂತು ಕಟ್ಟಲು ಆಗುತ್ತದೆ, ಮುಂದೆ ಸಂಬಳವೂ ಬರುತ್ತದೆ ಅಂತಿದ್ದರೆ ಮಾರುವ ಮಾತೇ ಬೇಡ. ಆಗದಿದ್ದರೆ ಇರುವ ದುಡ್ಡನ್ನು ಮನೆ ಖರ್ಚಿಗೆ ಇಟ್ಟುಕೊಂಡು ಮಾರುವ ಕಡೆ ಗಮನ ಕೊಡಿ. ಬದಲಾಗುವ ಬಡ್ಡಿ ದರದ ಗೃಹಸಾಲಕ್ಕೆ ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ. ತಡವಾದದ್ದಕ್ಕೆ ಹಾಕಿದ ಶುಲ್ಕ ಬಿಡಿ ಅಂತ ಮ್ಯಾನೇಜರ್ ಹತ್ತಿರ ಕೇಳಿ. ಪೂರ್ತಿ ಸಾಲ ತೀರಿಸುತ್ತೇವೆ ಅಂತ ಬಂದವರಿಗೆ ನಾವು ಎಷ್ಟೋ ಸಲ ಬಿಟ್ಟಿದ್ದೇವೆ.

ಉತ್ತರ: ಮೈಸೂರಿನಿಂದ, ಮನೆ ಮಾರಿದವರು

ನಾವು ಇದನ್ನು ದಾಟಿ ಬಂದವರು. ಯಜಮಾನರ ಕಾಯಿಲೆಯಿಂದ ಕಂತು ತಪ್ಪಿತ್ತು. ನಿಮ್ಮ ಅಣ್ಣ ಯಾಕೆ ಒಪ್ಪಿಬಿಡುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಫೋನ್ ಬಂದರೆ ಕೈ ನಡುಗುತ್ತದೆ. ಇದು ಹೇಗಾದರೂ ಮುಗಿದರೆ ಸಾಕು ಅನ್ನಿಸುತ್ತದೆ. ಅದೇ ಹೊತ್ತಿಗೆ ಸರಿಯಾಗಿ ಇಂಥವರು ಬಾಗಿಲಿಗೆ ಬರುತ್ತಾರೆ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮ ಏಜೆಂಟ್ ಒಬ್ಬ ಹೆಣ್ಣುಮಗಳು. ಈ ನಿಯಮ ನಮಗೆ ಹೇಳಿಕೊಟ್ಟವರು ಅವರೇ. ನಾವು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟ ಮೇಲೆ ರಾತ್ರಿ ಫೋನ್ ನಿಂತಿತು. ಆಮೇಲೆ ಮನೆಯವರಿಗೆ ನಿದ್ದೆ ಬಂತು. ನಿದ್ದೆ ಮಾಡಿದ ಮೇಲೆ ಯೋಚನೆ ಮಾಡುವ ಶಕ್ತಿ ಬಂತು.

ಆಕೆ ಮಾಡಿದ ಇನ್ನೊಂದು ಕೆಲಸ ಮರೆಯಲಾರೆ. ಮನೆ ನೋಡಲು ಬರುವವರನ್ನು ವಾರಕ್ಕೆ ಒಂದು ದಿನ ಮಾತ್ರ ಕರೆತರುತ್ತಿದ್ದರು. ಮಕ್ಕಳು ಸ್ಕೂಲಿನಲ್ಲಿರುವ ಹೊತ್ತಿನಲ್ಲೇ. ಯಾರಾದರೂ "ಯಾಕೆ ಮಾರುತ್ತಿದ್ದೀರಿ?" ಅಂತ ಕೇಳಿದರೆ ತಾವೇ ಉತ್ತರ ಕೊಡುತ್ತಿದ್ದರು. ನಮ್ಮ ಮರ್ಯಾದೆ ಉಳಿಸಿಕೊಂಡು ಮನೆ ಮಾರಿದೆವು. ಅಂಥವರನ್ನು ಹುಡುಕಿ. ಇದ್ದಾರೆ.

ಉತ್ತರ: ಇಂಥ ಮನೆ ಕೊಂಡವರು, ಬೆಂಗಳೂರು

ಕೊಳ್ಳುವವರ ಭಯ ಏನು ಅಂತ ತಿಳಿದರೆ ನಿಮಗೆ ಮಾರುವುದು ಸುಲಭ ಆಗುತ್ತದೆ. ನಮ್ಮ ಮೊದಲ ಭಯ, ದುಡ್ಡು ಕೊಟ್ಟ ಮೇಲೆ ಪತ್ರಗಳು ಬರದಿದ್ದರೆ? ಏಜೆಂಟ್ ನಮ್ಮನ್ನೂ ಮಾರುವವರನ್ನೂ ಬ್ಯಾಂಕಿನಲ್ಲಿ ಒಟ್ಟಿಗೆ ಕೂರಿಸಿದರು. ಅಡ್ವಾನ್ಸನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿಸಿದರು. ಕರಾರಿನಲ್ಲಿ ಸಾಲದ ಖಾತೆ ನಂಬರ್ ಸಮೇತ ಬರೆಸಿದರು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರ ಕೊಡಬೇಕು, ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಇದನ್ನು ಕೇಳಿದ ಮೇಲೆ ನಮ್ಮ ತಂದೆಗೆ ಧೈರ್ಯ ಬಂತು.

ನಾವೂ ಸಾಲ ಮಾಡಿಯೇ ಕೊಂಡಿದ್ದು. ಎನ್‌ಪಿಎ ಆದ ಖಾತೆ ಅಂದರೆ ಬೇರೆ ಬ್ಯಾಂಕಿನವರು ಹಿಂದೆ ಮುಂದೆ ನೋಡುತ್ತಾರೆ. ಮಾರುವವರ ಸಾಲ ಇದ್ದ ಬ್ಯಾಂಕಿನಲ್ಲೇ ನಮ್ಮ ಸಾಲ ಮಾಡಿಸಿದ್ದರಿಂದ ಬೇಗ ಆಯಿತು. ಪತ್ರಗಳು ಅಲ್ಲೇ ಇದ್ದವು, ಅವರ ವಕೀಲರು ಒಮ್ಮೆ ನೋಡಿದ್ದ ಪತ್ರಗಳೇ. ಹಳೆ ಅಡಮಾನ ಬಿಡುಗಡೆ ಆದ ಡಿಸ್ಚಾರ್ಜ್ ಡೀಡ್ ರಿಜಿಸ್ಟರ್ ಆಗಿ ಇಸಿಯಲ್ಲಿ ಕಾಣುವವರೆಗೂ ಏಜೆಂಟ್ ನಮ್ಮ ಜೊತೆ ಇದ್ದರು.

ಬೆಲೆ ಕೇಳುವಾಗ ನಮ್ಮ ಕಡೆಯ ಖರ್ಚೂ ನೆನಪಿರಲಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಬೆಂಗಳೂರಿನಲ್ಲಿ ಸುಮಾರು ಶೇ. 7.6. ನಿಮ್ಮ ಮನೆಗೆ ಆರೂಮುಕ್ಕಾಲು ಲಕ್ಷ ದಾಟುತ್ತದೆ. ಅದು ಬ್ಯಾಂಕ್ ಸಾಲದಲ್ಲಿ ಬರುವುದಿಲ್ಲ, ಕೈಯಿಂದಲೇ ಹಾಕಬೇಕು.

ಉತ್ತರ: ತೆರಿಗೆ ಕೆಲಸ ಮಾಡುವವರು, ಹುಬ್ಬಳ್ಳಿ

ಚುಟುಕಾಗಿ ಹೇಳುತ್ತೇನೆ. ಬೆಲೆ 50 ಲಕ್ಷ ಅಥವಾ ಜಾಸ್ತಿ ಆದ್ದರಿಂದ ಕೊಳ್ಳುವವರು ಶೇ. 1 ಟಿಡಿಎಸ್ (ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಾರೆ. 90 ಲಕ್ಷಕ್ಕೆ 90,000. ಸಾಲ ತೀರಿಸುವ ಲೆಕ್ಕದಲ್ಲಿ ಇದನ್ನು ಮರೆಯಬೇಡಿ. ಅಡ್ವಾನ್ಸ್ 20,000 ಅಥವಾ ಅದಕ್ಕಿಂತ ಜಾಸ್ತಿ ನಗದಿನಲ್ಲಿ ತೆಗೆದುಕೊಳ್ಳಬಾರದು. ಕಷ್ಟ ಅಂತ ಮಾರ್ಗಸೂಚಿ ದರಕ್ಕಿಂತ (ಸರ್ಕಾರ ನಿಗದಿ ಮಾಡಿದ ಬೆಲೆ) ಶೇ. 10ಕ್ಕೂ ಜಾಸ್ತಿ ಕಡಿಮೆಗೆ ಬರೆಸಿದರೆ ಎರಡೂ ಕಡೆಯವರಿಗೆ ತೆರಿಗೆ ತೊಂದರೆ ಬರಬಹುದು. ಮನೆ ಕೈಗೆ ಬಂದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷ ತುಂಬುವ ಮುಂಚೆ ಮಾರುತ್ತಿದ್ದರೆ, ಅಸಲು ಕಟ್ಟಿದ್ದಕ್ಕೆ 80ಸಿ ಅಡಿ ಪಡೆದ ವಿನಾಯಿತಿ ವಾಪಸ್ ಆದಾಯಕ್ಕೆ ಸೇರುತ್ತದೆ. ಬಂಡವಾಳ ಲಾಭದ ಲೆಕ್ಕವನ್ನು ಕ್ರಯಕ್ಕೆ ಮುಂಚೆಯೇ ಹಾಕಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ. ಜಿಪಿಎ ಬೇಡ ಅಂದ. ಸೋಮವಾರ ಬ್ಯಾಂಕಿಗೆ ಹೋಗುತ್ತಿದ್ದೇವೆ. ಒಂದೇ ಸಂದೇಹ. ಮಕ್ಕಳ ಪರೀಕ್ಷೆ ಇದೆ. ಮಾರಿದ ಮೇಲೆ ಒಂದೆರಡು ತಿಂಗಳು ಅಲ್ಲೇ ಇರಲು ಕೇಳಬಹುದಾ?

ಉತ್ತರ: ಮೊದಲ ಏಜೆಂಟ್

ಖಂಡಿತ ಕೇಳಬಹುದು ಮೇಡಂ. ಆದರೆ ಕರಾರು ಬರೆಯುವ ದಿನವೇ ಕೇಳಿ, ಕ್ರಯದ ದಿನ ಅಲ್ಲ. ಯಾವ ತಾರೀಖಿಗೆ ಖಾಲಿ ಮಾಡುತ್ತೀರಿ, ಅಲ್ಲಿಯವರೆಗೆ ಬಾಡಿಗೆ ಎಷ್ಟು, ಕರೆಂಟ್ ನೀರಿನ ಬಿಲ್ ಯಾರದು ಅಂತ ಬರೆಸಿ. ಕೊಳ್ಳುವವರ ಧೈರ್ಯಕ್ಕೆ ಒಂದೆರಡು ಲಕ್ಷ ಬೀಗದ ಕೈ ಕೊಡುವ ದಿನ ತೆಗೆದುಕೊಳ್ಳಲು ಒಪ್ಪಿಕೊಳ್ಳಿ. ಈ ದುಡ್ಡು ನಿಮಗೆ ಉಳಿಯುವ ಪಾಲಿನಿಂದ ಇರಬೇಕು, ಬ್ಯಾಂಕಿಗೆ ಕಟ್ಟುವ ಹಣದಿಂದ ಅಲ್ಲ. ಸೋಮವಾರ ಹೋಗುವಾಗ ನೋಟಿಸಿನ ಲಕೋಟೆಯನ್ನೂ ಜೊತೆಗೆ ಒಯ್ಯಿರಿ. ನೋಟಿಸ್ ಯಾವಾಗ ಬಂತು ಅಂತ ತೋರಿಸಲು ಅದರ ಮೇಲಿನ ಅಂಚೆ ಮುದ್ರೆ ಸಹಾಯಕ್ಕೆ ಬರಬಹುದು.